ನವೊಯಿಯಲ್ಲಿ ಇಳಿದುಹೋದ ಸ್ಟೀಲ್ ಡಬ್ಬ

ಅಕ್ಟೋಬರ್ ಮೊದಲ ವಾರದ ಒಂದು ಬುಧವಾರ ಬೆಳಿಗ್ಗೆ ನಾವು ಹದಿಮೂರು ಮಂದಿ ದೆಹಲಿಯಿಂದ ತಾಷ್ಕೆಂಟಿನ ವಿಮಾನ ಹತ್ತಿದೆವು. ಹಾರಾಟ ಹೆಚ್ಚು ಕಡಿಮೆ ಮೂರು ಗಂಟೆ. ಸರೋಜಿನಿ ನಗರದ ನಮ್ಮ ಕ್ವಾರ್ಟರ್ಸ್‌ನಿಂದ ನೊಯಿಡಾದ ನಾದಿನಿ ಮನೆಗೆ ಹಬ್ಬದ ದಿನ ಹೋಗಲು ಇನ್ನೂ ಜಾಸ್ತಿ ಹೊತ್ತಾಗಿದ್ದುಂಟು. ಇಳಿದ ಮೇಲೆ ಗಡಿಯಾರವನ್ನು ಅರ್ಧ ಗಂಟೆ ಹಿಂದಕ್ಕೆ ತಿರುಗಿಸಿಕೊಂಡೆ. ವಿದೇಶ ಎಂದರೆ ಇಷ್ಟೇನಾ ಅನ್ನಿಸಿತು.

ನಾನು ಹೋದದ್ದು ಪುಣ್ಯಕ್ಕೂ ಅಲ್ಲ, ಓದಿಗೂ ಅಲ್ಲ. ದೆಹಲಿಯ ಒಂದು ವಿಶ್ವವಿದ್ಯಾಲಯದ ಪರ್ಷಿಯನ್ ವಿಭಾಗದ ಆಫೀಸಿನಲ್ಲಿ ಇಪ್ಪತ್ತು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಪರ್ಷಿಯನ್ನಿನ ಒಂದಕ್ಷರ ಬರುವುದಿಲ್ಲ, ಆದರೆ ಪರ್ಷಿಯನ್ ಕಲಿತವರ ಹಾಜರಿ ಪುಸ್ತಕವೆಲ್ಲ ನನ್ನ ಕೈಯಲ್ಲೇ ಇರುತ್ತದೆ. ವಿಭಾಗದವರು ಹನ್ನೊಂದು ವಿದ್ಯಾರ್ಥಿಗಳನ್ನು ಉಜ್ಬೇಕಿಸ್ತಾನದ ಬುಖಾರಾಕ್ಕೆ ಕರೆದುಕೊಂಡು ಹೋಗುವವರಿದ್ದರು. ಅವರಲ್ಲಿ ಆರು ಜನ ಹುಡುಗಿಯರು. ಹುಡುಗಿಯರಿದ್ದರೆ ಜೊತೆಗೆ ಒಬ್ಬ ಮಹಿಳಾ ಸಿಬ್ಬಂದಿ ಇರಲೇಬೇಕೆಂದು ನಿಯಮ. ಹೋಗಬೇಕಿದ್ದ ಮೇಡಂಗೆ ಡೆಂಗ್ಯೂ ಬಂತು, ಸರದಿ ನನಗೆ ಬಂತು. "ಆಫೀಸಿನ ಖರ್ಚಲ್ಲಿ ಫಾರಿನ್ನು! ಕಣ್ಮುಚ್ಚಿ ಹೋಗೇ," ಎಂದರು ನಮ್ಮ ಯಜಮಾನರು. ಅದುವರೆಗೆ ಬುಖಾರಾ ಎಂದರೆ ನನಗೆ ಗೊತ್ತಿದ್ದದ್ದು ಆಲೂಬುಖಾರಾ ಹಣ್ಣು ಮಾತ್ರ. ಮುಸ್ಲಿಮರಿಗೆ ಅದು ದೊಡ್ಡ ಪುಣ್ಯಕ್ಷೇತ್ರ, ಮದರಸಾಗಳ ಊರು, ಊರಾಚೆ ಒಬ್ಬ ಸೂಫಿ ಸಂತರ ದರ್ಗಾ ಇದೆ, ದೇಶದ ಮೂಲೆ ಮೂಲೆಯಿಂದ ಜನ ಬರುತ್ತಾರೆ ಎಂದೆಲ್ಲ ನನಗೆ ಹೇಳಿದವಳು ಸಲ್ಮಾ.

ಆ ಆರು ಹುಡುಗಿಯರಲ್ಲಿ ಒಬ್ಬಳಾದ ಸಲ್ಮಾ ವಿಜಯಪುರದವಳು. ಎಂ.ಎ. ಮುಗಿಸಿ ಮುನಿರ್ಕಾದಲ್ಲಿ ಮೂವರು ಹುಡುಗಿಯರ ಜೊತೆ ಒಂದು ಕೋಣೆಯಲ್ಲಿದ್ದಳು. ನಾವು ವಾಪಸ್ ಬರುವ ಭಾನುವಾರದ ಮರುದಿನವೇ, ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ, ಅವಳ ಪಿಎಚ್.ಡಿ. ಸಂದರ್ಶನ. ತಪ್ಪಿದರೆ ಇಡೀ ಒಂದು ವರ್ಷ ಕಾಯಬೇಕು. ಅವಳ ಅಬ್ಬಾ ಅಷ್ಟು ದಿನ ಬಾಡಿಗೆ ಕಳಿಸಲು ಆಗುವುದಿಲ್ಲವೆಂದು ಮೊದಲೇ ಹೇಳಿದ್ದರು. ಗುಂಪಿನಲ್ಲಿದ್ದ ಇನ್ನೊಬ್ಬ ಕನ್ನಡದವನು ನಮ್ಮ ಕಾಲೊನಿಯಲ್ಲೇ ಬೆಳೆದ ಅಭಿಷೇಕ್. ಅವನಿಗೆ ಕನ್ನಡ ಅರ್ಥವಾಗುತ್ತದೆ, ಆಡಲು ಹೋದರೆ ಹಿಂದಿ ಬರುತ್ತದೆ. ಮುಖ್ಯಸ್ಥರು ಲಖನೌ ಕಡೆಯ ಪ್ರೊಫೆಸರ್ ಸಾಹೇಬರು. ಸಿಟ್ಟು ಬಂದರೂ "ಆಪ್" ಎಂಬ ಬಹುವಚನ ಬಿಡದ ಮನುಷ್ಯ.

ಈಗ ಡಬ್ಬದ ವಿಷಯ. ನಮ್ಮ ಮನೆಯಲ್ಲಿ ಬೆಲೆಬಾಳುವುದೆಲ್ಲ ಇರುವುದು ಅಡುಗೆಮನೆಯಲ್ಲಿ. ಅಜ್ಜಿಯ ದುಡ್ಡು ಸಾಸಿವೆ ಡಬ್ಬಿಯಲ್ಲಿತ್ತು, ಅಮ್ಮನ ಬಳೆ ಅಕ್ಕಿಯೊಳಗಿತ್ತು. ಸರೋಜಿನಿ ನಗರ ಮಾರ್ಕೆಟ್ಟಿನಲ್ಲಿ ಒಮ್ಮೆ ನನ್ನ ಪರ್ಸಿಗೆ ಯಾರೋ ಬ್ಲೇಡು ಹಾಕಿದ ಮೇಲೆ ಪ್ರಯಾಣದಲ್ಲೂ ನನ್ನದು ಅದೇ ಪದ್ಧತಿ. ತಿಂಡಿ ಡಬ್ಬವನ್ನು ಯಾವ ಕಳ್ಳನೂ ಮುಟ್ಟುವುದಿಲ್ಲ. ನನ್ನ ಬಳಿ ಒಂದೇ ಅಳತೆಯ ಎರಡು ಸ್ಟೀಲ್ ಡಬ್ಬಗಳಿದ್ದವು, ಎರಡರ ಮೇಲೂ ಅಮ್ಮನ ಹೆಸರು ಕೊರೆಸಿದೆ. ಒಂದರಲ್ಲಿ ಕೋಡುಬಳೆ ತುಂಬಿದೆ. ಇನ್ನೊಂದರಲ್ಲಿ ಎಲ್ಲರ ಪಾಸ್‌ಪೋರ್ಟು ಸೇರಿಸಿ, ಗಲಗಲ ಅನ್ನದಂತೆ ಟವೆಲ್ ಸುತ್ತಿ ಇಟ್ಟೆ. ಎರಡಕ್ಕೂ ಪ್ಲಾಸ್ಟಿಕ್ ಕವರು, ಎರಡಕ್ಕೂ ರಬ್ಬರ್ ಬ್ಯಾಂಡು. ಕೇಳಿದಾಗ ಕೊಡುವುದು, ಕೆಲಸ ಆದ ಕೂಡಲೇ ವಾಪಸ್ ಇಸಿದುಕೊಳ್ಳುವುದು. ತಾಷ್ಕೆಂಟಿನ ಹೋಟೆಲಿನಲ್ಲೂ ಹಾಗೆಯೇ ಆಯಿತು. ಪ್ರೊಫೆಸರ್ ಸಾಹೇಬರೇ "ವಾಹ್, ಏನು ಶಿಸ್ತು" ಎಂದು ಹೊಗಳಿದ್ದರು. ಡಬ್ಬ ಅವರು ನೋಡಿರಲಿಲ್ಲ.

ಗುರುವಾರ ಬೆಳಿಗ್ಗೆ ರೈಲು. ವೇಗದ ರೈಲಿಗೆ ಟಿಕೆಟ್ ಸಿಗದೆ ನಿಧಾನದ್ದು ಹಿಡಿದೆವು. ಆರುನೂರು ಕಿಲೋಮೀಟರಿಗೆ ಆರು ಗಂಟೆಯ ಮೇಲೆ. ಬೋಗಿಯ ಬಾಗಿಲಲ್ಲಿ ಪಾಸ್‌ಪೋರ್ಟ್ ತೋರಿಸಿ ಹತ್ತಿದೆವು, ಹತ್ತಿದ ಮೇಲೆ ನಾನು ಮತ್ತೆ ಹದಿಮೂರನ್ನೂ ಎಣಿಸಿ ಡಬ್ಬಕ್ಕೆ ಹಾಕಿದೆ. ಕಿಟಕಿಯಾಚೆ ಹತ್ತಿ ಹೊಲ, ಬಗ್ಗಿ ಹತ್ತಿ ಬಿಡಿಸುವ ಹೆಂಗಸರು, ರಸ್ತೆ ಬದಿಯಲ್ಲಿ ಕರಬೂಜದ ರಾಶಿ. ಬೆಳಗಿನ ಹೊತ್ತು ಸ್ವೆಟರ್ ಬೇಕು, ಹನ್ನೊಂದರ ಮೇಲೆ ಬಿಸಿಲು ಹಿತವಾಗಿತ್ತು.

ನನ್ನ ಎದುರು ಎಪ್ಪತ್ತರ ಆಸುಪಾಸಿನ ಒಬ್ಬ ಅಜ್ಜಿ ಕೂತಿದ್ದರು. ಹೂವಿನ ಸ್ಕಾರ್ಫು, ಮಖಮಲ್ಲಿನ ಕೋಟು, ನಕ್ಕರೆ ನಾಲ್ಕು ಚಿನ್ನದ ಹಲ್ಲು. ಹೆಸರು ಮುಹಬ್ಬತ್. ಚೀಲದಿಂದ ಬಂಡಿಚಕ್ರದಂಥ ಒಂದು ದುಂಡು ರೊಟ್ಟಿ ತೆಗೆದು, ಕೈಯಿಂದಲೇ ಮುರಿದು ಎಲ್ಲರಿಗೂ ಹಂಚಿದರು. ನಾನು ನನ್ನ ತುಂಡನ್ನು ಮಗುಚಿ ಇಟ್ಟೆ. ಅಜ್ಜಿ ಥಟ್ಟನೆ ಅದನ್ನು ಸರಿಯಾಗಿ ತಿರುಗಿಸಿ ಇಟ್ಟರು. ರೊಟ್ಟಿಯನ್ನು ಬೋರಲು ಹಾಕಬಾರದಂತೆ. ಆಮೇಲೆ ಹಸಿರು ಚಹಾ ಬಂತು, ಬಟ್ಟಲಿನ ಅರ್ಧಕ್ಕಿಂತ ಕಡಿಮೆ.

"ಸಲ್ಮಾ, ನೋಡೇ, ಎರಡು ಗುಟುಕೂ ಇಲ್ಲ," ಎಂದೆ ಕನ್ನಡದಲ್ಲಿ.

"ಹಂಗಲ್ರಿ ಆಂಟಿ. ಇಲ್ಲಿ ಪೂರ್ತಿ ತುಂಬಿ ಕೊಟ್ರ ಕುಡದು ಎದ್ದು ಹೋಗ್ರಿ ಅಂದಂಗ. ಅರ್ಧ ಕೊಟ್ರ ಕೂಡ್ರಿ, ಮತ್ತ ಕೇಳ್ರಿ ಅಂತ."

ನಾನು ಒಂಬತ್ತು ಸಲ ಕೇಳಿದೆ.

ಬುಖಾರಾ ಕಡೆಯವರ ಮನೆಮಾತು ಪರ್ಷಿಯನ್ನಿನ ತಂಗಿಯಂಥದ್ದು. ಅಜ್ಜಿ ಬುಖಾರಾದ ಮಗಳು, ಐವತ್ತು ವರ್ಷದ ಹಿಂದೆ ನವೊಯಿ ಊರಿಗೆ ಸೊಸೆಯಾಗಿ ಬಂದವರು. ಹಾಗಾಗಿ ಸಲ್ಮಾ ಆಡಿದ್ದೆಲ್ಲ ಅವರಿಗೆ ಅರ್ಥವಾಗುತ್ತಿತ್ತು, ಮತ್ತು ಆಡಿದ್ದಕ್ಕೆಲ್ಲ ನಗು ಬರುತ್ತಿತ್ತು. "ಈ ಹುಡುಗಿ ಬಾಯಿ ಬಿಟ್ಟರೆ ಹಳೇ ರಾಜರ ಫರ್ಮಾನು ಓದಿದ ಹಾಗಿರುತ್ತದೆ. 'ನೀರು ಕೊಡು' ಅನ್ನೋಕೆ ಅರ್ಧ ಪುಟ!" ಅಜ್ಜಿ ಅಂದದ್ದನ್ನು ನನಗೆ ಕನ್ನಡದಲ್ಲಿ ಹೇಳುತ್ತಾ ಸಲ್ಮಾ ಕೆಂಪಾದಳು, ಆದರೆ ಮಾತು ನಿಲ್ಲಿಸಲಿಲ್ಲ. ಪುಸ್ತಕದಲ್ಲಿ ಕಲಿತ ಭಾಷೆಗೆ ಎದುರಿನಿಂದ ಉತ್ತರ ಬಂದದ್ದು ಅವಳ ಜನ್ಮದಲ್ಲಿ ಅದೇ ಮೊದಲು.

ದರ್ಗಾಕ್ಕೆ ಯಾವಾಗ ಹೋಗುತ್ತೀರೆಂದು ಅಜ್ಜಿ ಕೇಳಿದರು. ನಾಳೆ ಶುಕ್ರವಾರ, ಬೆಳಿಗ್ಗೆಯೇ, ಎಂದಳು ಸಲ್ಮಾ. "ದೊಡ್ಡ ಬಾಗಿಲಲ್ಲಿ ನಿಂತು ನನ್ನ ಹೆಸರಲ್ಲೂ ಒಂದು ಸಲಾಮು ಹೇಳಿ. ಆರು ವರ್ಷ ಆಯಿತು ಹೋಗಿ. ಮಂಡಿ ಹಿಡಿದಿದೆ. ಮಗನನ್ನು ಕೇಳಿದರೆ ಮುಂದಿನ ವಾರ ಅನ್ನುತ್ತಾನೆ."

ನವೊಯಿ ಸ್ಟೇಷನ್ ಹತ್ತಿರವಾಯಿತು. ಅಜ್ಜಿ ಎದ್ದು, ಇನ್ನೊಂದು ಇಡೀ ರೊಟ್ಟಿಯನ್ನು ನನ್ನ ಮಡಿಲಿಗೆ ಹಾಕಿದರು. ಇಷ್ಟು ಉಪಚಾರ ಮಾಡಿದವರನ್ನು ಬರಿಗೈಲಿ ಕಳಿಸುವುದು ಹೇಗೆ? ರೈಲು ನಿಲ್ಲುವುದು ಎರಡೋ ಮೂರೋ ನಿಮಿಷ. ಬ್ಯಾಗಿಗೆ ಕೈ ಹಾಕಿ ಡಬ್ಬ ತೆಗೆದೆ. ಬಗ್ಗಿಸಿ ಸುರಿಯಲು ಕಾಗದ ಹುಡುಕುವಷ್ಟರಲ್ಲಿ ಅಜ್ಜಿ ಬಾಗಿಲಲ್ಲಿದ್ದರು. ಓಡಿ ಹೋಗಿ ಡಬ್ಬವನ್ನೇ ಕೈಯಲ್ಲಿಟ್ಟೆ. ಸ್ಟೀಲ್ ಡಬ್ಬವನ್ನು ಯಾರಿಗೂ ಬಿಟ್ಟುಕೊಟ್ಟವಳಲ್ಲ ನಾನು. ಪಕ್ಕದ ಮನೆಗೆ ಸಾರು ಕೊಟ್ಟರೂ ಮೂರನೇ ದಿನಕ್ಕೆ "ನಮ್ಮ ಡಬ್ಬ" ಎಂದು ಕೇಳುವವಳು. ಅವತ್ತು ಮಾತ್ರ ದೊಡ್ಡ ಮನಸ್ಸು ಮಾಡಿ, "ಡಬ್ಬನೂ ನಿಮ್ಗೇ ಅಂತ ಹೇಳೇ ಸಲ್ಮಾ," ಎಂದೆ.

ಬುಖಾರಾ ಸ್ಟೇಷನ್ ಊರಿನಿಂದ ಹನ್ನೆರಡು ಕಿಲೋಮೀಟರ್ ದೂರ. ಟ್ಯಾಕ್ಸಿಯಲ್ಲಿ ಹಳೇ ಊರು ಸೇರಿದಾಗ ಸಂಜೆ ಐದು. ಮಣ್ಣಿನ ಗೋಡೆಗಳ ಓಣಿ, ಅಂಗಳದಲ್ಲಿ ದಾಳಿಂಬೆ ಗಿಡವಿದ್ದ ಅತಿಥಿಗೃಹ. ಮಾಲೀಕ ಎಲ್ಲರಿಗೂ ಚಹಾ ಕೊಟ್ಟು, ಹೆಸರು ದಾಖಲಿಸಬೇಕೆಂದು ಪಾಸ್‌ಪೋರ್ಟ್ ಕೇಳಿದ. ನಾನು ಗತ್ತಿನಿಂದ ಡಬ್ಬ ತೆಗೆದು ಮೇಜಿನ ಮೇಲಿಟ್ಟು ಮುಚ್ಚಳ ಬಿಚ್ಚಿದೆ.

ಕೋಡುಬಳೆ.

"ಆಂಟಿ, ಪ್ಲೀಸ್, ಮಜಾಕ್ ಮತ್ ಕರೋ," ಎಂದ ಅಭಿಷೇಕ್.

ನಾನು ತಮಾಷೆ ಮಾಡುತ್ತಿಲ್ಲವೆಂದು ನನ್ನ ಮುಖ ನೋಡಿದ ಮೇಲೆ ಅವನಿಗೆ ಗೊತ್ತಾಯಿತು. ಬ್ಯಾಗನ್ನು ನೆಲಕ್ಕೆ ಸುರಿದೆ. ಸೀರೆ, ಮಾತ್ರೆ, ಚಟ್ನಿಪುಡಿ, ಮಂಕಿ ಕ್ಯಾಪು. ಪ್ರೊಫೆಸರ್ ಸಾಹೇಬರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಮೇಡಂ, ಪಾಸ್‌ಪೋರ್ಟನ್ನು ತಿಂಡಿ ಡಬ್ಬದಲ್ಲಿ ಯಾರು ಇಡುತ್ತಾರೆ?"

"ನಮ್ಮಲ್ಲಿ ಎಲ್ಲರೂ ಸರ್," ಎಂದೆ.

ನವೊಯಿ ಸ್ಟೇಷನ್ನಿಗೆ ಫೋನ್ ಮಾಡಿಸಿದೆವು. ಹೂವಿನ ಸ್ಕಾರ್ಫಿನ ಮುಹಬ್ಬತ್ ಎಂಬ ಅಜ್ಜಿ ಎಂದರೆ ಆ ಊರಿನಲ್ಲಿ ಎಷ್ಟು ಜನವೋ. ತಾಷ್ಕೆಂಟಿನ ನಮ್ಮ ರಾಯಭಾರ ಕಚೇರಿಯವರು ಸಮಾಧಾನದಿಂದಲೇ ಕೇಳಿ ಉತ್ತರಿಸಿದರು. ಪೊಲೀಸ್ ದೂರಿನ ಪ್ರತಿ ಬೇಕು, ಫೋಟೋ ಬೇಕು, ಖುದ್ದಾಗಿ ಬರಬೇಕು, ನಡುವೆ ಶನಿವಾರ ಭಾನುವಾರ. ಏನೇ ಮಾಡಿದರೂ ಸೋಮವಾರಕ್ಕೆ ಮೊದಲು ಆಗದು. ನಮ್ಮ ವಿಮಾನ ಭಾನುವಾರ. ನಾನು ಸಲ್ಮಾಳ ಮುಖ ನೋಡಲು ಹೆದರಿ ದಾಳಿಂಬೆ ಗಿಡ ನೋಡಿದೆ.

ಅವಳೇ ಬಂದು ಪಕ್ಕದಲ್ಲಿ ಕೂತಳು. "ಆಕಿ ಬರ್ತಾಳ್ರಿ ಆಂಟಿ."

"ಎಲ್ಲಿಗೆ ಬರ್ತಾರೇ? ನಾವೆಲ್ಲಿ ಇಳಿದಿದೀವಿ ಅಂತ ಅವರಿಗೇನು ಗೊತ್ತು?"

"ನಾಳೆ ಮುಂಜಾನೆ ದರ್ಗಾಕ್ಕ ಹೋಗ್ತೀವಂತ ಹೇಳೀನಲ್ರಿ. ನಮ್ಮನ್ನ ಹುಡುಕಾಕ ಆಕಿಗೆ ಇರೂದು ಅದೊಂದಽ ಜಾಗ."

"ಡಬ್ಬ ಬಿಚ್ಚಿ ನೋಡದೆ ಅಟ್ಟದ ಮೇಲಿಟ್ಟಿದ್ರೆ?"

"ಯಾರರೆ ತಿನ್ನಾಕ ಕೊಟ್ರ ನೀವು ಬಿಚ್ಚಿ ನೋಡದಂಗ ಇರ್ತೀರೇನ್ರಿ?"

ಅದು ಸರಿಯಾದ ಮಾತು.

ಶುಕ್ರವಾರ ಬೆಳಿಗ್ಗೆ ಪ್ರೊಫೆಸರ್ ಸಾಹೇಬರು ಇಬ್ಬರು ಹುಡುಗರನ್ನು ಕರೆದುಕೊಂಡು ಪೊಲೀಸ್ ಠಾಣೆಗೆ ಹೋದರು. ಉಳಿದ ನಾವು ಹತ್ತು ಜನ ದರ್ಗಾಕ್ಕೆ ಹೊರಟೆವು. ಊರಿನಿಂದ ಹನ್ನೆರಡು ಕಿಲೋಮೀಟರ್, ಮೂರು ಟ್ಯಾಕ್ಸಿ, ಒಂದೊಂದಕ್ಕೆ ನಮ್ಮ ಲೆಕ್ಕದಲ್ಲಿ ಮುನ್ನೂರು ರೂಪಾಯಿಯೊಳಗೇ ಆಯಿತು. ಒಂಬತ್ತಕ್ಕೆ ದೊಡ್ಡ ಬಾಗಿಲಲ್ಲಿ ನಿಂತೆವು. ಒಳಗೆ ಮರದ ಕಂಬಗಳ ಜಗಲಿ, ಹಿಪ್ಪುನೇರಳೆ ಮರ, ಬಾವಿಯ ನೀರು, ಬಿಳಿ ಗೋಡೆಗೆ ಅಂಗೈ ಒತ್ತಿ ಮುಖಕ್ಕೆ ಸವರಿಕೊಳ್ಳುವ ಜನ, ಎಲ್ಲ ಇತ್ತಂತೆ. ಅಭಿಷೇಕ್ ಹೋಗಿ ನೋಡಿ ಬಂದು ಹೇಳಿದ. ನಾನು ಬಾಗಿಲು ಬಿಟ್ಟು ಕದಲಲಿಲ್ಲ. ಬಸ್ಸುಗಳು ಬಂದವು, ಮದುವೆಯಾದ ಜೋಡಿಗಳು ಬಂದವು, ಹೂವಿನ ಸ್ಕಾರ್ಫಿನ ಅಜ್ಜಿಯರು ಬಂದರು. ಆ ದೇಶದಲ್ಲಿ ಹೂವಿನ ಸ್ಕಾರ್ಫ್ ಹಾಕದ ಅಜ್ಜಿಯೇ ಇಲ್ಲ. ನಾನು ಪ್ರತಿಯೊಬ್ಬರ ಹಲ್ಲು ನೋಡಿದೆ.

ಸಲ್ಮಾ ಮೊದಲು ಒಂದು ಕೆಲಸ ಮಾಡಿದಳು. ಬಾಗಿಲಿಗೆ ಎದುರಾಗಿ ನಿಂತು ಮುಹಬ್ಬತ್ ಅಜ್ಜಿಯ ಹೆಸರಲ್ಲಿ ಸಲಾಮು ಹೇಳಿದಳು. ಆಮೇಲೆ ಕಟ್ಟೆಯ ಮೇಲೆ ಕೂತು ಸಂದರ್ಶನದ ನೋಟ್ಸು ತೆಗೆದಳು. ಹನ್ನೊಂದಾಯಿತು, ಹನ್ನೊಂದೂವರೆ ಆಯಿತು. ಪುಟ ತಿರುಗುತ್ತಿಲ್ಲವೆಂದು ಗಮನಿಸಿದೆ.

"ನನ್ನನ್ನ ಬಯ್ದುಬಿಡಮ್ಮಾ. ನಂಗೂ ಹಗುರ ಆಗುತ್ತೆ," ಎಂದೆ.

"ಬೈದ್ರ ಪಾಸ್‌ಪೋರ್ಟ್ ಬರ್ತಾವೇನ್ರಿ? ಬರೂದಾದ್ರ ಹೇಳ್ರಿ, ನಮ್ಮೂರ ಬೈಗುಳ ಭಾಳ ಚಲೋ ಅದಾವ." ನಗಲು ಹೋಗಿ ಅತ್ತುಬಿಟ್ಟಳು. ಅವಳು ಅತ್ತದ್ದು ನೋಡಿ ನಾನೂ ಅತ್ತೆ.

ಪಕ್ಕದಲ್ಲಿ ರೊಟ್ಟಿ ಮಾರುತ್ತಿದ್ದ ಹೆಂಗಸು ಎದ್ದು ಬಂದಳು. ಏನು, ಯಾಕೆ ಎಂದು ಕೇಳಲೇ ಇಲ್ಲ. ನಮ್ಮೆದುರು ಕುಕ್ಕರಗಾಲಲ್ಲಿ ಕೂತು ಎರಡೂ ಅಂಗೈ ಬಿಚ್ಚಿ ಮೆಲ್ಲನೆ ಪ್ರಾರ್ಥನೆ ಹೇಳತೊಡಗಿದಳು. ದಾರಿಯಲ್ಲಿ ಹೋಗುತ್ತಿದ್ದವರು ನಿಂತು ತಾವೂ ಅಂಗೈ ಬಿಚ್ಚಿದರು. ಅಲ್ಲಿನ ಪದ್ಧತಿಯೇ ಹಾಗೆ. ಯಾರಾದರೂ ಬೇಡಿಕೊಳ್ಳಲು ಶುರುಮಾಡಿದರೆ ಹತ್ತಿರವಿದ್ದವರು ಸೇರಿಕೊಳ್ಳಬೇಕು, ಏನೆಂದು ಕೇಳಬಾರದು. ಹದಿನೈದು ಇಪ್ಪತ್ತು ಅಪರಿಚಿತರು ನಮ್ಮ ಪಾಸ್‌ಪೋರ್ಟಿಗಾಗಿ, ಅದು ಪಾಸ್‌ಪೋರ್ಟೆಂದು ಗೊತ್ತಿಲ್ಲದೆ, ಬೇಡಿಕೊಂಡರು. ಕೊನೆಗೆ ಎಲ್ಲರೂ "ಓಮೀನ್" ಎಂದು ಮುಖ ಸವರಿಕೊಂಡರು. ನಾನೂ ಸವರಿಕೊಂಡೆ. ನಮ್ಮ ಮನೆದೇವರು ತಪ್ಪು ತಿಳಿಯುವಷ್ಟು ಸಣ್ಣವನಲ್ಲ.

ಮಧ್ಯಾಹ್ನದ ನಮಾಜಿಗೆ ಗಂಡಸರು ಸಾಲುಸಾಲಾಗಿ ಒಳಗೆ ಹೋಗುತ್ತಿದ್ದರು. ಒಂದು ಶೇರ್ ಟ್ಯಾಕ್ಸಿ ಬಂದು ನಿಂತಿತು. ಮೊದಲು ಒಬ್ಬ ಸೊಸೆಯಂಥ ಹೆಂಗಸು ಇಳಿದಳು, ಆಮೇಲೆ ಒಂದು ಕಾಲು, ತುಂಬ ಹೊತ್ತಿನ ಮೇಲೆ ಇನ್ನೊಂದು ಕಾಲು, ಕೊನೆಗೆ ಮಖಮಲ್ಲಿನ ಕೋಟು. ಸಲ್ಮಾ ನೋಟ್ಸು ಎಸೆದು ಓಡಿದಳು.

ಅಜ್ಜಿ ಬಟ್ಟೆಯ ಗಂಟು ಬಿಚ್ಚಿ ಡಬ್ಬ ನನ್ನ ಕೈಯಲ್ಲಿಟ್ಟರು. ಮುಚ್ಚಳ ತೆಗೆದೆ. ಒಣ ಏಪ್ರಿಕಾಟ್, ಅಕ್ರೋಟು, ದ್ರಾಕ್ಷಿ. ಕೈ ಹಾಕಿ ಕೆದಕಿದೆ. ತಳದವರೆಗೂ ದ್ರಾಕ್ಷಿ. ನಾನು ಅಲ್ಲೇ ನೆಲದ ಮೇಲೆ ಕೂತೆ.

"ಪಾಸ್‌ಪೋರ್ಟ್ ಎಲ್ಲಿ ಅಂತ ಕೇಳೇ!" ಎಂದು ಕೂಗಿದೆ.

ಅಜ್ಜಿ ಬಹಳ ನಿಧಾನವಾಗಿ ಕೋಟಿನ ಗುಂಡಿ ಬಿಚ್ಚಿ, ಒಳಗಿನಿಂದ ನನ್ನ ಟವೆಲಿನ ಕಟ್ಟನ್ನು ಹೊರತೆಗೆದರು. "ಕಾಗದಪತ್ರ ಎದೆಯ ಹತ್ತಿರ ಇಟ್ಟುಕೊಳ್ಳಬೇಕು. ಡಬ್ಬ ಇರುವುದು ತಿನ್ನುವುದಕ್ಕೆ," ಎಂದರು. ಸಲ್ಮಾ ಅನುವಾದ ಮಾಡುವಾಗ ನಕ್ಕಳು. ಮತ್ತೆ ಅಜ್ಜಿ ತುಂಬಿದ ಡಬ್ಬದತ್ತ ಕೈ ತೋರಿಸಿ, "ಬಂದ ಪಾತ್ರೆಯನ್ನು ಖಾಲಿ ಕಳಿಸುತ್ತಾರಾ ಯಾರಾದರೂ?" ಎಂದರು. ಇದಕ್ಕೆ ಅನುವಾದ ಬೇಕಿರಲಿಲ್ಲ. ತುಮಕೂರಿನಲ್ಲಿ ನಮ್ಮಮ್ಮ ಹೇಳುತ್ತಿದ್ದ ಅದೇ ದನಿ.

ಹದಿಮೂರನ್ನೂ ಎಣಿಸಿದೆ. ಅಲ್ಲೇ ಒಬ್ಬೊಬ್ಬರ ಹೆಸರು ಕರೆದು ಅವರವರ ಕೈಗೆ ಕೊಟ್ಟೆ. ಸಲ್ಮಾ ತನ್ನದನ್ನು ತಗೊಂಡು, ಬಿಚ್ಚಿ ತನ್ನ ಫೋಟೋ ನೋಡಿ, ಅಜ್ಜಿಯ ಕೊರಳಿಗೆ ಜೋತುಬಿದ್ದಳು. ಸೋಮವಾರದ ಸಂದರ್ಶನದ ವಿಷಯವೆಲ್ಲ ಒಂದೇ ಉಸಿರಿಗೆ ಹೇಳಿದಳು. ಅಜ್ಜಿ ಅವಳ ಬೆನ್ನು ತಟ್ಟುತ್ತಾ, "ಈಗ ನೋಡು, ಸರಿಯಾಗಿ ಮಾತಾಡುತ್ತಿದ್ದಾಳೆ. ಒಂದು ಫರ್ಮಾನೂ ಇಲ್ಲ," ಎಂದರು.

ಠಾಣೆಯಲ್ಲಿದ್ದ ಪ್ರೊಫೆಸರ್ ಸಾಹೇಬರಿಗೆ ಫೋನ್ ಮಾಡಿದೆ. ಅವರಿನ್ನೂ ಎರಡನೇ ಫಾರಂ ತುಂಬುತ್ತಿದ್ದರು. "ಮೇಡಂ, ಆಪ್ ಆ ಡಬ್ಬವನ್ನು ಅಲ್ಲೇ ಬಿಟ್ಟು ಬನ್ನಿ," ಎಂದರು.

ಚಹಾದ ಅಂಗಡಿಯ ಮುಂದೆ ಗಿರಾಕಿಗಳು ಕೂರಲೆಂದೇ ಹಾಕಿದ್ದ ಅಗಲ ಮಂಚದ ಮೇಲೆ ಎಲ್ಲರೂ ಕೂತೆವು. ಅಭಿಷೇಕ್ ಇನ್ನೊಂದು ಡಬ್ಬ ತೆಗೆದ. ಅಜ್ಜಿ ಒಂದು ಕೋಡುಬಳೆ ಕಚ್ಚಿ, ಚಿನ್ನದ ಹಲ್ಲು ಮುಟ್ಟಿ ನೋಡಿಕೊಂಡು, ಚಹಾದಲ್ಲಿ ಅದ್ದಿ ತಿಂದರು. "ಗಟ್ಟಿ," ಎಂದರು. "ಆದರೆ ಒಳ್ಳೇದು." ಎಷ್ಟು ಖರ್ಚಾಯಿತೆಂದು ಕೇಳಿದ್ದಕ್ಕೆ ಸಿಟ್ಟಾದರು. ಕೈ ಹಿಡಿದು ಥ್ಯಾಂಕ್ಸ್ ಹೇಳಲು ಹೋದೆ. ಅವರು ಬಿಡಲಿಲ್ಲ.

"ಥ್ಯಾಂಕ್ಸನ್ನು ನಾನು ನಿಮಗೆ ಹೇಳಬೇಕು. ಆರು ವರ್ಷದಿಂದ ಮುಂದಿನ ವಾರ, ಮುಂದಿನ ವಾರ. ನಿನ್ನೆ ಸಂಜೆ ಡಬ್ಬ ಬಿಚ್ಚಿ ಮೇಜಿನ ಮೇಲೆ ಹದಿಮೂರು ಪುಸ್ತಕ ಇಟ್ಟೆ. ಪೊಲೀಸರಿಗೆ ಕೊಡೋಣ ಅಂದ ಮಗ. ಅವರು ನಾಳೆ ಬಾಗಿಲಲ್ಲಿ ನಿಂತಿರುತ್ತಾರೆ, ಈ ಹುಡುಗಿ ಹೇಳಿದ್ದಾಳೆ, ಅಂದೆ. ಬೆಳಿಗ್ಗೆ ಅವನೇ ಟ್ಯಾಕ್ಸಿ ಹತ್ತಿಸಿದ. ಇಷ್ಟು ಜನ ಕಾಯುತ್ತಿದ್ದರೆ ಮುಂದಿನ ವಾರ ಅಂತ ಯಾವ ಬಾಯಲ್ಲಿ ಹೇಳುತ್ತಾನೆ?"

ನಮಾಜು ಮುಗಿದ ಮೇಲೆ ಒಳಗೆ ಹೋದೆವು. ಅಜ್ಜಿಯ ಒಂದು ಕಡೆ ಸಲ್ಮಾ, ಒಂದು ಕಡೆ ನಾನು. ಹತ್ತು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದರು. ಗೋಡೆ ಮುಟ್ಟಿದಾಗ ಅವರು ಏನು ಬೇಡಿಕೊಂಡರೋ ಸಲ್ಮಾ ಕೇಳಿಸಿಕೊಳ್ಳಲಿಲ್ಲ, ನಾನೂ ಕೇಳಲಿಲ್ಲ. ಹೊರಡುವಾಗ ಕೋಡುಬಳೆ ಉಳಿದಿದ್ದ ಡಬ್ಬವನ್ನು ಅವರಿಗೇ ಕೊಟ್ಟೆ. ಈ ಸಲ ಮುಚ್ಚಳ ತೆಗೆದು ತೋರಿಸಿ ಕೊಟ್ಟೆ.

ಬುಖಾರಾದಲ್ಲಿ ನೋಡಬೇಕಾದದ್ದೆಲ್ಲ ಶನಿವಾರ ಬೆಳಿಗ್ಗೆ ಮೂರು ಗಂಟೆಯಲ್ಲಿ ಓಡೋಡಿ ನೋಡಿದೆವು. ದೊಡ್ಡ ಮಿನಾರು, ನೀಲಿ ಗುಮ್ಮಟ, ಕೊಳದ ಸುತ್ತ ಹಳೇ ಮರಗಳು. ಚೆನ್ನಾಗಿತ್ತು. ಅದನ್ನು ನನಗಿಂತ ಚೆನ್ನಾಗಿ ಬರೆದವರಿದ್ದಾರೆ. ಸೋಮವಾರ ಏನಾಯಿತೆಂದು ನೀವು ಕೇಳುವ ಮೊದಲೇ ಹೇಳಿಬಿಡುತ್ತೇನೆ. ಸಲ್ಮಾ ಹತ್ತಕ್ಕೆ ಹತ್ತು ನಿಮಿಷ ಇರುವಾಗಲೇ ನನ್ನ ಮೇಜಿನ ಮುಂದೆ ಇದ್ದಳು, ಸಂದರ್ಶನ ಕೊಟ್ಟಳು, ಹದಿನೈದು ದಿನಕ್ಕೆ ಪಟ್ಟಿ ಬಂತು. ಆ ಪಟ್ಟಿಯನ್ನು ಟೈಪ್ ಮಾಡಿದವಳು ನಾನೇ. ಅವಳ ಹೆಸರು ಬಂದಾಗ ಕಾಗುಣಿತವನ್ನು ಮೂರು ಸಲ ನೋಡಿದೆ.

ಆದರೆ ನನ್ನ ಮನಸ್ಸಿನಲ್ಲಿ ಈ ಪ್ರಯಾಣ ಮುಗಿದದ್ದು ಶನಿವಾರ, ತಾಷ್ಕೆಂಟಿಗೆ ವಾಪಸ್ ಹೋಗುವ ರೈಲಿನಲ್ಲಿ. ನವೊಯಿ ಬಂತು. ಸ್ಟೇಷನ್ನಿಗೆ ಬರಲು ಮಂಡಿ ಬಿಡುವುದಿಲ್ಲವೆಂದು ಅಜ್ಜಿ ಮೊದಲೇ ಹೇಳಿದ್ದರು. ಆದರೂ ನಾವೆಲ್ಲ ಬಾಗಿಲಿಗೆ ನುಗ್ಗಿದೆವು. ಪ್ರೊಫೆಸರ್ ಸಾಹೇಬರೂ ಬಂದರು. ಬೋಗಿಯ ಉಸ್ತುವಾರಿ ಹೆಂಗಸು ಬೈಯುತ್ತಿದ್ದಳು. ಸಲ್ಮಾ ದರ್ಗಾದಲ್ಲಿ ಬರೆದುಕೊಂಡಿದ್ದ ಅಜ್ಜಿಯ ನಂಬರಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದಳು.

"ನಮ್ಮ ಮನೆ ಹಳಿಯ ಆಚೆಗೇ. ಅಂಗಳದಲ್ಲಿ ನಿಂತಿದ್ದೇನೆ," ಎಂದರು ಅಜ್ಜಿ. "ಪಾಸ್‌ಪೋರ್ಟ್ ಎಲ್ಲಿದೆ?"

ಎಲ್ಲರೂ ಒಟ್ಟಿಗೆ ಎದೆ ಮುಟ್ಟಿಕೊಂಡೆವು, ಅವರಿಗೆ ಕಾಣುವುದಿಲ್ಲವೆಂದು ಗೊತ್ತಿದ್ದೂ. ಅಷ್ಟರಲ್ಲಿ ರೈಲು ಸಿಳ್ಳು ಹಾಕಿತು. ಅದೇ ಸಿಳ್ಳು ಫೋನಿನೊಳಗಿನಿಂದ, ಅವರ ಅಂಗಳ ದಾಟಿ, ಒಂದು ಕ್ಷಣ ತಡವಾಗಿ ಮತ್ತೊಮ್ಮೆ ಕೇಳಿಸಿತು.